ತಂತಿ ಕಿತ್ತಾಗ

ದೋರ್ದೋಯ್ ಬಜಾರು. ಸಮುದ್ರ ಕಾಣದ ನಾಡಿನಲ್ಲಿ
ಹಡಗಿನ ಪೆಟ್ಟಿಗೆಯ ಮೇಲೆ ಹಡಗಿನ ಪೆಟ್ಟಿಗೆ.
ನನ್ನದು ಏಳನೇ ಸಾಲು, ಕೆಳಗಿನದು.
ಎಡಕ್ಕೆ ಕಾಲುಚೀಲದವಳು, ಬಲಕ್ಕೆ ಬೀಗದವನು,
ನಡುವೆ ನಾನು, ಇಸ್ಖಾರ್,
ಹತ್ತೊಂಬತ್ತು ವರ್ಷದಿಂದ ಚಾರ್ಜರು ಮಾರುತ್ತ.
ಸತ್ತ ಸೆಲ್ಲು ಬದುಕುವುದಿಲ್ಲ, ದಣಿದದ್ದು ಬದುಕುತ್ತೆ:
ಇಷ್ಟನ್ನು ಗಿರಾಕಿಗೆ ಮೊದಲೇ ಹೇಳಿಬಿಡುತ್ತೇನೆ.

ಕಬ್ಬಿಣದ ಬಾಗಿಲಿಗೆ ಬೆರಳು ಅಂಟುವ ಚಳಿ ಅವತ್ತು.
ಬಂದವಳು ಕೈಗವಸು ಬಿಚ್ಚಿ
ಕರವಸ್ತ್ರದ ಗಂಟಿನಿಂದ ಎಂಟು ಸೆಲ್ಲು ಸುರಿದಳು.
ಹೆಸರು ಕಾಲಿಚಾ. ನರ್ಸು. ಅಟ್‌ಬಾಶಿಗಿಂತ ಆಚೆ
ಮೂರು ಹಳ್ಳಿಗೆ ಒಬ್ಬಳೇ.
"ರಕ್ತದ ಒತ್ತಡ ನೋಡೋ ಯಂತ್ರಕ್ಕೆ," ಎಂದಳು.
"ಮೊನ್ನೆ ಮುದುಕನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದೆ,
ಅರ್ಧ ಉಬ್ಬಿ ಉಸ್ಸೆಂದು ಕೂತುಬಿಟ್ಟಿತು.
ಮುದುಕ ಕೇಳಿದ: ಹೋದದ್ದು ಅದೋ, ನಾನೋ?"

ಮೂರು ಡಬ್ಬಿ ಇಳಿಸಿದೆ.

ಮೊದಲನೆಯದು ಅಗ್ಗ. ಒಂದೇ ದೀಪ.
ಸೆಲ್ಲುಗಳನ್ನು ಜೋಡಿಯಾಗಿಯೇ ಕೂರಿಸಬೇಕು;
ಒಂದು ಹಸಿದಿರಲಿ, ಇನ್ನೊಂದು ಹೊಟ್ಟೆ ಬಿರಿದಿರಲಿ,
ಎರಡಕ್ಕೂ ಒಂದೇ ಸೌಟು.
ಸಾಕು ಎನ್ನುವುದು ಅದಕ್ಕೆ ಗೊತ್ತಿಲ್ಲ,
ಹದಿನಾಲ್ಕು ಗಂಟೆ ಎಣಿಸಿ ನೀವೇ ಎದ್ದು ಕೀಳಬೇಕು.

ಎರಡನೆಯದಕ್ಕೆ ಅವಸರ. ಒಂದು ಗಂಟೆ, ಮುಗಿಯಿತು.
ಹೊರತೆಗೆದರೆ ಸೆಲ್ಲು ಬೆಂದ ಆಲೂಗಡ್ಡೆ.
ಬೇಗ ತುಂಬುತ್ತೆ, ಬೇಗ ಮುಪ್ಪು ತರುತ್ತೆ.

ಮೂರನೆಯದು ನನ್ನ ಹೆಮ್ಮೆ. ನಾಲ್ಕು ಗೂಡು, ನಾಲ್ಕಕ್ಕೂ ಬೇರೆ ಲೆಕ್ಕ,
ಯಾವುದು ಎಷ್ಟು ಕುಡಿಯಿತು ಎಂದು ಅಂಕಿ ತೋರಿಸುತ್ತೆ.
ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಇದು ಬಲ್ಲದು.
ಸೋತ ಸೆಲ್ಲನ್ನು ಪೂರ್ತಿ ಬರಿದುಮಾಡಿ, ತುಂಬಿ,
ಮತ್ತೆ ಬರಿದುಮಾಡಿ, ತುಂಬಿ,
ಒಂದೂವರೆ ದಿನದಲ್ಲಿ ಹಳೇ ಬಲ ನೆನಪಿಸುತ್ತೆ.

ಅವಳು ಬೆಲೆ ಕೇಳಲಿಲ್ಲ.
"ಕರೆಂಟು ಹೋದರೆ ಇವು ಏನು ಮಾಡುತ್ತವೆ?"

ಬಾಯಿ ತೆರೆದೆ. ಮುಚ್ಚಿದೆ.
ವೋಲ್ಟು, ಮಿಲಿಯಾಂಪು, ಗ್ಯಾರಂಟಿ, ಎಲ್ಲ ಬಾಯಿಪಾಠ;
ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.
"ನಮ್ಮಲ್ಲಿ ಚಳಿಗಾಲದ ಕರೆಂಟು ಅಳಿಯನ ಹಾಗೆ," ಎಂದಳು,
"ಸಂಜೆ ಬರುತ್ತೆ, ಎರಡು ಗಂಟೆ ಕೂತಿದ್ದು ಹೋಗುತ್ತೆ."

ಮೂರಕ್ಕೂ ಅವಳ ಸೆಲ್ಲೇ ಹಾಕಿದೆವು. ಚಹಾ ಕುಡಿದೆವು.
ಕಾಲುಚೀಲದವಳೂ ಬಂದು ನಿಂತಳು.
ತಂತಿ ಕಿತ್ತೆ. ಹತ್ತು ಎಣಿಸಿ ಚುಚ್ಚಿದೆ.

ಅಗ್ಗದ್ದು ಹೋದದ್ದನ್ನೂ ಅರಿಯದು, ಬಂದದ್ದನ್ನೂ ಅರಿಯದು,
ಕೆಂಪಗೆ ಕೂತಿತ್ತು.
ಅವಸರದ್ದು ಬಿಸಿ ಸೆಲ್ಲನ್ನೇ
ಹೊಸ ಹಸಿವೆಂದು ಮತ್ತೆ ಉಣಿಸತೊಡಗಿತು.
ಜಾಣನ ಮುಖದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.
ಬರಿದುಮಾಡುತ್ತಿದ್ದೆನೋ ತುಂಬುತ್ತಿದ್ದೆನೋ
ಎಂದು ನನ್ನನ್ನೇ ಕೇಳುವಂತೆ ಮಿನುಗಿತು.

ನಾಚಿಕೆಯಾಯಿತು, ನಿಜ ಹೇಳುತ್ತೇನೆ.

ಅವಳು ಅದನ್ನೇ ಎತ್ತಿ, ಮಗುಚಿ,
ಉಗುರಿನಿಂದ ಒಂದು ಸಣ್ಣ ತೂತು ತೋರಿಸಿದಳು.
ಪಕ್ಕದಲ್ಲಿ ಹನ್ನೆರಡು ಎಂದು ಬರೆದಿದೆ.
ಕಾರಿನ ಸಿಗರೇಟು ಹಚ್ಚುವ ಗುಂಡಿಯಿಂದ ಎಳೆಯುವ ತಂತಿಗೆ ಅದು.
ಪೆಟ್ಟಿಗೆಯಲ್ಲೇ ಇರುತ್ತೆ, ಎಲ್ಲರೂ ಬಿಸಾಡುತ್ತಾರೆ.
"ನಮ್ಮ ಆಂಬುಲೆನ್ಸಿನ ಎಂಜಿನ್ ಚಳಿಗೆ ಆರಿಸುವುದೇ ಇಲ್ಲ,
ಆರಿಸಿದರೆ ಮತ್ತೆ ಹೊತ್ತಲ್ಲ.
ಡ್ರೈವರ್ ಅಸಾಂಕುಲ್ ಸಿಗರೇಟು ಬಿಡಬೇಕಾಗುತ್ತೆ.
ಬಿಡಲಿ, ಅವನ ಒತ್ತಡವೂ ನೂರೆಪ್ಪತ್ತು."

ಆಮೇಲೆ ಚೌಕಾಶಿ. ಅದರಲ್ಲೂ ಅವಳೇ ಗೆದ್ದಳು.
ಎಂಟರಲ್ಲಿ ಎರಡು ಸತ್ತಿದ್ದವು, ಅಂಕಿ ಹೇಳಿತು;
ಅವಕ್ಕೆ ಬದಲು ಎರಡು ಹೊಸದು ಕೊಟ್ಟೆ, ಲೆಕ್ಕಕ್ಕೆ ಹಿಡಿಯದೆ.

ಕತ್ತಲಾಗುವವರೆಗೆ ಅಂಗಡಿಯಲ್ಲಿದ್ದ ಒಂದೊಂದನ್ನೂ
ಚುಚ್ಚಿ, ಕಿತ್ತು, ಮತ್ತೆ ಚುಚ್ಚಿ ನೋಡಿದೆ.
ಕಂಡದ್ದನ್ನು ಪೆಟ್ಟಿಗೆಯ ಮೇಲೆ ಪೆನ್ಸಿಲಿನಿಂದ ಬರೆದೆ.
ಜಾಣನ ಮೇಲೆ ಬರೆದದ್ದು ಇಷ್ಟು:
ಮರೆಯುತ್ತೆ. ಆದರೂ ಒಳ್ಳೆಯದು.